ನರ್ಸುಗಳನ್ನು ಮಾತಾಡಿಸಲು ಹೋಗುವ ಗದಿಗೆವ್ವ

ಬೆಟಗೇರಿಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ನೇಕಾರರ ಓಣಿಯಲ್ಲಿ ಒಂದೆರಡು ಮಗ್ಗಗಳು ಆಗಲೇ ಸದ್ದು ಮಾಡುತ್ತಿವೆ. ಆಸ್ಪತ್ರೆಯ ಆಯಾ ಗದಿಗೆವ್ವ ವಾರ್ಡಿನ ನೆಲ ಒರೆಸಿ ಮುಗಿಸಿ, ಕೈ ತೊಳೆದು, ಕಿಟಕಿಯಲ್ಲಿಟ್ಟ ಬುತ್ತಿ ಎತ್ತಿಕೊಳ್ಳುತ್ತಾರೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಹಿತ್ತಲ ಬಾಗಿಲಿನಿಂದ ನರ್ಸುಗಳ ಕೋಣೆಗಳತ್ತ ನಡೆಯುತ್ತಾರೆ. ಅತ್ತ ಹೋಗಕೂಡದೆಂದು ಆಸ್ಪತ್ರೆ ಆಜ್ಞೆ ಹೊರಡಿಸಿ ಇವತ್ತಿಗೆ ಒಂಬತ್ತು ದಿನ.

ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ನಮ್ಮ ಕಡೆ ‘ಮಾತಾಡ್ಸಾಕ ಹೋಗೂದು’ ಎನ್ನುತ್ತೇವೆ. ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಓಣಿಯವರೇ ರೊಟ್ಟಿ ಒಯ್ಯುತ್ತಾರೆ. ಆದರೆ ಕೊನೆಯ ಉಸಿರಿನವರೆಗೂ ರೋಗಿಯ ಕೈ ಹಿಡಿದಿದ್ದ ನರ್ಸನ್ನು ಮಾತಾಡಿಸಲು ಯಾರು ಹೋಗುತ್ತಾರೆ? ಹೆಣ ಹೊರಬಿದ್ದ ಗಳಿಗೆಗೇ ಆಕೆ ಆ ಮಂಚಕ್ಕೆ ಹೊಸ ಚಾದರ ಹಾಸಬೇಕು. ಮರುದಿನ ಬೆಳಿಗ್ಗೆ ಗದಿಗೆವ್ವ ಹೋಗುತ್ತಾರೆ. ಎಂಟು ವರ್ಷಗಳಿಂದ ಇದನ್ನು ತಪ್ಪಿಸಿಲ್ಲ.

ಮುಂಡರಗಿಯಿಂದ ಬಂದ ಈ ವಿಧವೆಗೆ ಐವತ್ತೊಂದು ವರ್ಷ. ಎರಡು ವಾರ್ಡು, ಇಪ್ಪತ್ತೆರಡು ಮಂಚ, ದಿನಕ್ಕೆ ನಲವತ್ತು ಕೊಡ ನೀರು. ಅಕ್ಷರ ಬಾರದು. ಹೀಗೆ ನರ್ಸುಗಳನ್ನು ಮಾತಾಡಿಸುವುದನ್ನು ಕಲಿಸಿದವರಾರು ಎಂದರೆ ಸಿಡುಕಿನಿಂದಲೇ ಹೇಳುತ್ತಾರೆ: “ಪುಂಡಲೀಕಪ್ಪ ಕಲಿಸಿದ. ಸತ್ತು ಕಲಿಸಿದ.”

ಪುಂಡಲೀಕಪ್ಪ ಇದೇ ಆಸ್ಪತ್ರೆಯ ಕಂಪೌಂಡರ್ ಆಗಿದ್ದವರು. ಸ್ವಾತಂತ್ರ್ಯ ಬಂದ ಮರುವರ್ಷ ವಾಂತಿಭೇದಿಯಲ್ಲಿ ಒಂದೇ ವಾರದಲ್ಲಿ ಹನ್ನೊಂದು ಜನ ಅವರ ಕಣ್ಣೆದುರೇ ತೀರಿಕೊಂಡರು. ಮೂರು ದಿನ ಅನ್ನ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದ ಪುಂಡಲೀಕಪ್ಪ ನಾಲ್ಕನೆಯ ದಿನ ತಮ್ಮ ಜೀವ ತಾವೇ ಕಳೆದುಕೊಂಡರು. ಆಸ್ಪತ್ರೆಯ ಪುಸ್ತಕದಲ್ಲಿ ‘ಜ್ವರ’ ಎಂದು ಬರೆದರು.

“ಜ್ವರ ಅಲ್ರಿ! ಎಲ್ಲಾರಿಗೂ ಗೊತ್ತೈತಿ, ಬಾಯಿ ಬಿಡೂದಿಲ್ಲ. ನಾನೂ ನೋಡಿದ್ದೆ ಅಂವ ಕುಂತಿದ್ದನ್ನ. ಬಕೀಟ ಹಿಡಕೊಂಡು ಹಂಗ ಮುಂದ ಹೋದೆ. ‘ಯಾಕೋ ತಮ್ಮಾ’ ಅನ್ನಾಕ ನನಗ ಎಷ್ಟ ಹೊತ್ತು ಬೇಕಿತ್ತು?” ಎನ್ನುತ್ತಾರೆ.

ಇವತ್ತಿನ ಬುತ್ತಿ ಲಕ್ಷ್ಮೇಶ್ವರದ ಸುಗ್ರಾಬಿಗೆ. ಇಪ್ಪತ್ತನಾಲ್ಕರ ನರ್ಸು. ಹೋದ ತಿಂಗಳು ಶಿರಹಟ್ಟಿ ಕಡೆಯ ಚೊಚ್ಚಲ ಬಾಣಂತಿಯೊಬ್ಬಳು ಆಕೆಯ ತೊಡೆಯ ಮೇಲೇ ಕಣ್ಣು ಮುಚ್ಚಿದಳು. ಮರುದಿನ ಗದಿಗೆವ್ವ ಬಾಗಿಲಲ್ಲಿ ನಿಂತು “ನಿನ್ನ ಮಾತಾಡ್ಸಾಕ ಬಂದೀನಿ” ಎಂದದ್ದೇ ತಡ, ಊರಲ್ಲಿ ತನ್ನ ತಂದೆಯೇ ಹೋದರೆಂದು ತಿಳಿದು ಹುಡುಗಿ ಚೀರಿಕೊಂಡಳು!

“‘ಏ ಹುಚ್ಚಿ, ನಿಮ್ಮಪ್ಪ ಗಟ್ಟಿ ಅದಾನ. ನಿನ್ನಿ ಸತ್ತಾಕಿ ನಿನಗೇನೂ ಅಲ್ಲೇನು? ಅದಕ್ಕ ಬಂದೀನಿ’ ಅಂದೆ. ಆಗ ಅತ್ತಳು ನೋಡ್ರಿ, ಖರೇ ಅಳು.” ಅತ್ತು ಮುಗಿದ ಮೇಲೆ ಗದಿಗೆವ್ವ ನೇರವಾಗಿ ಕೇಳಿದರು: “ಸಾಯಬೇಕು ಅನಸ್ತೈತೇನವಾ?” ಸುಗ್ರಾಬಿ ಹೌದೆಂದು ತಲೆಯಾಡಿಸಿದಳು. ಅಂದು ಗದಿಗೆವ್ವ ಆಕೆಯನ್ನು ಒಂಟಿಯಾಗಿ ಬಿಡಲಿಲ್ಲ. ಲಕ್ಷ್ಮೇಶ್ವರದ ಬಸ್ಸಿನವರ ಕೈಯಲ್ಲಿ ಖಬರು ಕಳಿಸಿ ಅಕ್ಕನನ್ನು ಕರೆಸಿದರು. ಅಕ್ಕ ಹದಿನೈದು ದಿನ ಇದ್ದು ಹೋಗಿದ್ದಾಳೆ. ಸುಗ್ರಾಬಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ, ಆದರೆ ಕೆಲವು ಬೆಳಗುಗಳು ಇನ್ನೂ ಭಾರವಾಗಿಯೇ ಇವೆ.

“ಈ ಅವ್ವ ಬರೂದು ನಿಂತ್ರ ನನ್ನ ಗತಿ ಏನ್ರಿ?” ಎಂದು ಆಕೆ ನನ್ನನ್ನೇ ಕೇಳಿದಳು.

ಸಾಯುವ ಮಾತೆತ್ತಿ ಈ ಆಯಾ ನರ್ಸುಗಳ ತಲೆ ಕೆಡಿಸುತ್ತಿದ್ದಾಳೆ ಎಂಬುದು ದೊಡ್ಡ ಡಾಕ್ಟರರ ದೂರು. “ಆಸ್ಪತ್ರೆಯ ಆಳುಗಳು ನರ್ಸುಗಳ ಕೋಣೆಗೆ ಹೋಗಕೂಡದು” ಎಂಬ ಆಜ್ಞೆಗೆ ಎಲ್ಲ ಆಳುಗಳೂ ಹೆಬ್ಬೆಟ್ಟು ಒತ್ತಿದ್ದಾರೆ, ಗದಿಗೆವ್ವ ಒಬ್ಬರನ್ನು ಬಿಟ್ಟು. ಸೋಮವಾರದೊಳಗೆ ಒತ್ತದಿದ್ದರೆ ಕೆಲಸವಿಲ್ಲ. ನವೆಂಬರ್ ಒಂದರಂದು ನಾಡು ಒಂದಾಯಿತೆಂದು ಪೇಡೆ ಹಂಚಿದವರೇ ಮೂರನೆಯ ದಿನ ಈ ಕಾಗದ ಹಚ್ಚಿದ್ದಾರೆ. ನಾಡು ಒಂದಾಗಬೇಕಂತೆ, ಆಯಾ ಮತ್ತು ನರ್ಸು ಒಂದು ಚಾಪೆಯ ಮೇಲೆ ಕೂರಬಾರದಂತೆ! ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ದೊಡ್ಡ ಡಾಕ್ಟರರು ಕೇಳಿಕೊಂಡರು. ಬರೆದಿಲ್ಲ. ಬರೆದರೂ ಅವರಿಗೆ ನಾಚಿಕೆಯಾಗುತ್ತಿತ್ತೆಂದು ನನಗನಿಸುವುದಿಲ್ಲ.

“ಕೇಳಿದ್ದಕ್ಕ ಯಾರೂ ಸತ್ತಿಲ್ರಿ, ಡಾಕ್ಟರ್ ಸಾಹೇಬ್ರಿಗೆ ಹೇಳ್ರಿ” ಎನ್ನುತ್ತಾರೆ ಗದಿಗೆವ್ವ. ಇಷ್ಟು ವರ್ಷದಲ್ಲಿ ಎಷ್ಟು ಜನರನ್ನು ಮಾತಾಡಿಸಿದ್ದೀರಿ ಎಂದೆ. “ಎಣಸಿಲ್ಲ. ಮಾತಾಡಸದ ಬಿಟ್ಟಿದ್ದು ಒಬ್ಬನ್ನ. ಅದೊಂದ ಲೆಕ್ಕ ಗೊತ್ತು.”

ಸೋಮವಾರ ಕೆಲಸ ಹೋದರೆ? ಗದಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಗುತ್ತಾರೆ.

“ಆಳುಗಳು ಹೋಗಬಾರದು ಅಂತ ಬರದಾರ ಹೌದಿಲ್ರಿ? ತಗದು ಹಾಕಿದ ಮ್ಯಾಲ ನಾ ಅವರ ಆಳ ಅಲ್ಲ. ಮಂಗಳವಾರ ಮುಂಜಾನೆ ಯಾವ ಕಾಗದ ತೋರಿಸಿ ನನ್ನ ತಡೀತಾರ, ನೋಡೇಬಿಡ್ತೀನಿ!”