ಟಾರ್ಪಾಲಿನ ತೊಟ್ಟಿಯ ಹದಿಮೂರು ಮೀನು

ಹಳೇಬೀಡಿನಲ್ಲಿ ಹತ್ತೊಂಬತ್ತು ವರ್ಷ ನೀರುಗಂಟಿಯಾಗಿದ್ದ ಷಡಕ್ಷರಪ್ಪನಿಗೆ ಊರಿನ ಹೆಂಗಸರೆಲ್ಲ ಒಂದಲ್ಲ ಒಂದು ಬೆಳಿಗ್ಗೆ ಶಾಪ ಹಾಕಿದವರೇ. ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವವನ ಹಣೆಬರಹವೇ ಅಷ್ಟು. ನೀರು ಬಂದರೆ ಅದು ಪಂಚಾಯಿತಿಯದು, ಬಾರದಿದ್ದರೆ ತಪ್ಪು ನೀರುಗಂಟಿಯದು. "ನಿನ್ ಕೈ ಸೇದೋಗ" ಅಂದವರಿದ್ದರು, ಖಾಲಿ ಕೊಡವನ್ನು ಅವನ ಕಾಲ ಬುಡಕ್ಕೆ ಎಸೆದವರೂ ಇದ್ದರು. ಕೆಲಸ ದಿನಗೂಲಿಯದು. ಕೊನೆಗೊಂದು ದಿನ ಮೆಂಬರೊಬ್ಬರ ಬಾಮೈದನಿಗೆ ಅದೇ ಕೆಲಸ ಬೇಕಾಯಿತು. ಷಡಕ್ಷರಪ್ಪ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದ. "ಹೋಗ್ಬರ್ತೀಯೇನಪ್ಪ" ಎಂದು ಒಬ್ಬರೂ ಕೇಳಲಿಲ್ಲ.

ಅವನನ್ನು ಕರೆದು ಕೂರಿಸಿ ಮಾತಾಡಿಸಿದವನು ದೇವೀರಪ್ಪ. ಬೇಲೂರು ರಸ್ತೆಯಲ್ಲಿ ಎಂಟು ರೂಮಿನ ಲಾಡ್ಜು ಇಟ್ಟಿದ್ದ, ಅಂಗಳದಲ್ಲಿ ಒಂದು ಕೊಳ ಕಟ್ಟಿಸಿದ್ದ. ಬೆಂಗಳೂರಿನಿಂದ ಬೆರಳುದ್ದದ ಹದಿನಾಲ್ಕು ಕೋಯಿ ಮೀನು ತಂದು ಬಿಟ್ಟಿದ್ದ. ಏಳು ವರ್ಷದಲ್ಲಿ ಅವು ಮೊಳಕ್ಕೂ ಮೀರಿ ಬೆಳೆದು, ಕೆಂಪು, ಬಿಳಿ, ಅರಿಶಿನ ಬಣ್ಣದಲ್ಲಿ ಕೊಬ್ಬಿ ಓಡಾಡುತ್ತಿದ್ದವು. ದೇವಸ್ಥಾನದ ಶಿಲ್ಪ ನೋಡಿ ಕಣ್ಣು ದಣಿದ ಪ್ರವಾಸಿಗರು ಇಲ್ಲಿ ಕಾಫಿ ಕುಡಿಯುತ್ತ ಮೀನು ನೋಡುತ್ತಿದ್ದರು. ನೀರಿನ ಗುಣ ತಿಳಿದವನೊಬ್ಬ ಬೇಕು ಎಂದು ದೇವೀರಪ್ಪ ಷಡಕ್ಷರಪ್ಪನನ್ನು ಇಟ್ಟುಕೊಂಡ.

ಲಿಂಗ ಕಟ್ಟಿದ ಮನೆಯವನು ಮೀನು ಸಾಕುತ್ತಾನೆಂದು ನೆಂಟರು ಆಡಿಕೊಂಡು ನಕ್ಕರು. ಹೆಂಡತಿ ವಿಶಾಲಮ್ಮ ಅವನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕತೊಡಗಿದಳು. ಅವನಿಗೇನೂ ಬೇಸರವಾಗಲಿಲ್ಲ. ಪರದೇಶದವರು ಅವನನ್ನು ಕೊಳದ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ದೊಡ್ಡ ಕೆಂಪು ಮೀನು ಅವನ ಅಂಗೈಯಿಂದಲೇ ಕಾಳು ತಿನ್ನುತ್ತಿತ್ತು, ಬೇರೆಯವರು ಕೈ ಇಟ್ಟರೆ ತಿರುಗಿಯೂ ನೋಡುತ್ತಿರಲಿಲ್ಲ. ಐವತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಷಡಕ್ಷರಪ್ಪನೂ ಸ್ವಲ್ಪ ಹಾಗೆಯೇ ಆಗಿದ್ದ.

ಎರಡು ಸಾವಿರದ ಮೂರರ ಸಂಕ್ರಾಂತಿಯ ಹೊತ್ತಿಗೆ ಕೊಳ ಸೋರತೊಡಗಿತು. ತೆಂಗಿನ ಬೇರು ನುಗ್ಗಿ ತಳ ಬಿರುಕು ಬಿಟ್ಟಿತ್ತು. ಒಡೆದು ದೊಡ್ಡದಾಗಿ ಕಟ್ಟೋಣ ಎಂದ ದೇವೀರಪ್ಪ. ಮೇಸ್ತ್ರಿ ಒಂದು ತಿಂಗಳು ಎಂದ, ಮೇಸ್ತ್ರಿಗಳು ಯಾವತ್ತೂ ಹೇಳುವುದು ಒಂದೇ ತಿಂಗಳು. ಅಲ್ಲಿಯ ತನಕ ಮೀನು ಇರಲಿ ಎಂದು ಅಡುಗೆಮನೆಯ ಹಿಂದೆ ಸಿಮೆಂಟು ಇಟ್ಟಿಗೆಯನ್ನು ಸೊಂಟದೆತ್ತರಕ್ಕೆ ಜೋಡಿಸಿ, ಒಳಗೆ ಟಾರ್ಪಾಲು ಹಾಸಿ ಒಂದು ತೊಟ್ಟಿ ಮಾಡಿದರು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಅಷ್ಟು ದೊಡ್ಡ ಮೀನುಗಳಿಗೆ ಅದು ಜೈಲೇ.

ಸಾಗಿಸಿದ ಮಾರನೆಯ ದಿನವೇ ಒಂದು ಬಿಳಿ ಮೀನು ಎಗರಿ ಆಚೆ ಬಿದ್ದು, ಯಾರ ಕಣ್ಣಿಗೂ ಬೀಳದೆ ಬಿಸಿಲಲ್ಲಿ ಸತ್ತಿತು. ದೇವೀರಪ್ಪ ಕೂಗಾಡಲಿಲ್ಲ. ಸತ್ತ ಮೀನನ್ನು ಷಡಕ್ಷರಪ್ಪನ ಎರಡೂ ಕೈ ಮೇಲೆ ಇರಿಸಿ, ಮಧ್ಯಾಹ್ನ ಊಟ ಮಾಡುವ ಗಿರಾಕಿಗಳ ಎದುರು ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಿಸಿದ. ಆಮೇಲೆ ಬಂದು ಮೆಲ್ಲಗೆ ಹೇಳಿದ.

"ಹದಿಮೂರು ಐತೆ ಈಗ. ಹೊಸ ಕೊಳ ತುಂಬೋ ದಿನ ಹದಿಮೂರೂ ಇರ್ಬೇಕು. ಒಂದು ಕಮ್ಮಿ ಆದ್ರೂ ನೀನು ಈ ಕಡೆ ತಲೆ ಹಾಕ್ಬೇಡ. ತಿಳೀತಾ?"

"ತಿಳೀತು ಯಜಮಾನ್ರೆ."

ಅಂದಿನಿಂದ ಷಡಕ್ಷರಪ್ಪ ಆ ತೊಟ್ಟಿಗೆ ಬಾಣಂತನ ಮಾಡಿದ ಎನ್ನಬೇಕು. ಮೇಲೆ ಬಲೆ ಬಿಗಿದ, ಬಲೆಯ ಮೇಲೆ ತೆಂಗಿನ ಗರಿ ಹೊದಿಸಿದ. ಒಂದು ಡ್ರಮ್ಮಿಗೆ ಜಲ್ಲಿ, ಮರಳು, ಹಳೆಯ ನೈಲಾನ್ ಬಲೆ ತುಂಬಿ ನೀರು ಅದರೊಳಗಿಂದ ಸೋಸಿ ಬರುವ ಹಾಗೆ ಮಾಡಿದ. ಮೀನು ಮಾರಿದ ಬೆಂಗಳೂರಿನವನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕೇಳಿ ಕೇಳಿ ಕಲಿತ. ಇಕ್ಕಟ್ಟಿನಲ್ಲಿ ಮೀನಿಗೆ ಹಸಿವು ಒಳ್ಳೆಯದು, ತಿಂದಷ್ಟೂ ನೀರು ವಿಷವಾಗುತ್ತದೆ ಎಂದು ಆತ ಹೇಳಿದ್ದ. ಕಾಳು ದಿನಕ್ಕೊಂದು ಹಿಡಿಗೆ ಇಳಿಯಿತು. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ಮೀನಿನ ಕಿವಿರು ಸುಡುತ್ತದೆಂದು ಅವನಿಗೆ ಮೊದಲೇ ಗೊತ್ತು, ಎಷ್ಟಾದರೂ ಆ ಪೌಡರ್ ಕಲಸಿದ ಕೈ ಅವನದೇ. ನೀರನ್ನು ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗಿಟ್ಟು ಆಮೇಲೆ ತೊಟ್ಟಿಗೆ ಬಿಡುತ್ತಿದ್ದ. ಗಾಳಿ ಊದುವ ಮೋಟರು ಕರೆಂಟಿಲ್ಲದೆ ನಿಂತಾಗ ಕೊಡದಲ್ಲಿ ನೀರು ಮೊಗೆದು ತಲೆಯೆತ್ತರದಿಂದ ಸುರಿಯುತ್ತಿದ್ದ. ಹಾಗೆ ಸುರಿದರೆ ನೀರಿಗೆ ಉಸಿರು ಸೇರುತ್ತದೆ. ಮೀನಿನ ಮೈ ತರಚು ಮಾಯಲೆಂದು ಆಗಾಗ ಕಲ್ಲುಪ್ಪು ಹಾಕುತ್ತಿದ್ದ.

ಕೊಡ ಎತ್ತಲು ಜೊತೆಯಾಗುತ್ತಿದ್ದವಳು ಅಂಕಮ್ಮ. ಜಾವಗಲ್ ಕಡೆಯವಳು, ಲಾಡ್ಜಿನಲ್ಲಿ ಪಾತ್ರೆ ತೊಳೆದು ರೂಮು ಗುಡಿಸುತ್ತಿದ್ದಳು. ಗಂಡ ಹೋಗಿ ಆರು ವರ್ಷ. ಕರೆಂಟು ಹೋಯಿತೆಂದರೆ ಯಾರೂ ಕರೆಯದೆಯೇ ಬಂದು ಕೊಡ ಹಿಡಿಯುತ್ತಿದ್ದಳು. ಅವಳ ಎರಡು ಕೈಗೂ ನರೂಲಿ ಎದ್ದಿದ್ದವು. ಬೆರಳ ಸಂದಿ, ಗೆಣ್ಣು, ಉಗುರ ಬುಡ ಎಲ್ಲೆಲ್ಲೂ. ಗಿರಾಕಿಯೊಬ್ಬರು ಮುಖ ಸಿಂಡರಿಸಿದ್ದಕ್ಕೆ ದೇವೀರಪ್ಪ, "ಬೇಸಿಗೆ ರಜ ಶುರುವಾಗೋದ್ರೊಳಗೆ ಅದು ಹೋಗ್ಬೇಕು, ಇಲ್ಲಾ ನೀನು ಹೋಗು" ಎಂದಿದ್ದ.

ನರೂಲಿ ಆದವರು ದೇವರ ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕುವುದು ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದು. ಅದು ನೀರಲ್ಲಿ ಕರಗಿದ ಹಾಗೆ ಮೈಮೇಲಿನದೂ ಕರಗುತ್ತದೆಂದು ನಂಬಿಕೆ. ಅಂಕಮ್ಮನೂ ಹರಕೆ ಹೊತ್ತಿದ್ದಳು. ಆದರೆ ಆ ವರ್ಷ ಮಳೆಯಿಲ್ಲದೆ ಅವಳ ಊರಿನ ಕಲ್ಯಾಣಿ ಬತ್ತಿ, ತಳದ ಮಣ್ಣು ಬಾಯಿ ಬಿಟ್ಟಿತ್ತು. ಹರಕೆ ತೀರಿಸಲು ನೀರೇ ಇಲ್ಲ.

ಒಂದು ದಿನ ಷಡಕ್ಷರಪ್ಪ ತೊಟ್ಟಿಗೆ ಉಪ್ಪು ಹಾಕುತ್ತಿದ್ದಾಗ ಅವಳು ಬಂದು ನಿಂತಳು.

"ಯಾಕಣ್ಣ ಉಪ್ಪು ಹಾಕ್ತೀರ ಯಾವಾಗ್ಲೂ? ನಿಮ್ದೂ ಹರಕೇನಾ?"

ಮೀನಿನ ಗಾಯಕ್ಕೆ ಕಣವ್ವ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಅವಳ ಕೈ ನೋಡಿದ. ಹತ್ತೊಂಬತ್ತು ವರ್ಷ ಕಂಡವರಿಂದೆಲ್ಲ ಅನ್ನಿಸಿಕೊಂಡವನಿಗೆ, ತನಗಿಂತ ಕೆಳಗೆ ನಿಂತವಳೊಬ್ಬಳು ಸಿಕ್ಕಳಲ್ಲ ಎಂಬ ಖುಷಿ ಬಂತು. ನಾಚಿಕೆಗೇಡಿನ ಖುಷಿ ಅದು.

"ಹೂಂ ಕಣವ್ವ, ಹರಕೇನೇ. ಇವೇನು ಬರೀ ಮೀನು ಅಂದ್ಕಂಡಾ? ದೇವ್ರ ಕೊಳದ ತಳಿ. ನಿಮ್ಮೂರ ಕಲ್ಯಾಣಿ ಬತ್ತೋದ್ರೇನು, ಇಲ್ಲೇ ಹಾಕು ಬೆಲ್ಲಾವ. ಮೂರು ಸೋಮವಾರ. ನಿನ್ ನರೂಲಿ ಎಲ್ಲಾ ಇವೇ ನುಂಗ್ತವೆ!"

ಅಡುಗೆ ಭಟ್ಟ ಒಳಗಿನಿಂದ ಕೇಳಿಸಿಕೊಂಡು ಕಿಸಕ್ಕನೆ ನಕ್ಕ. ಷಡಕ್ಷರಪ್ಪನೂ ನಕ್ಕ. ಅಂಕಮ್ಮ ನಗಲಿಲ್ಲ, ತೊಟ್ಟಿಗೆ ಕೈಮುಗಿದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಷಡಕ್ಷರಪ್ಪ ಆ ಮಾತನ್ನು ಸಂಜೆಗೆ ಮರೆತ.

ಮೊದಲ ಸೋಮವಾರದ ನಂತರ ನೀರಿನ ಮೇಲೆ ತೆಳ್ಳಗೆ ನೊರೆ ಕಟ್ಟಿತು. ಸೋಸುವ ಡ್ರಮ್ಮು ಕಟ್ಟಿಕೊಂಡಿರಬೇಕೆಂದು ಅವನು ಜಲ್ಲಿಯನ್ನು ತೊಟ್ಟಿಯ ನೀರಿನಲ್ಲೇ ಜಾಲಿಸಿ ಹಾಕಿದ. ಎರಡನೆಯ ಸೋಮವಾರ ಕಳೆದ ಮೇಲೆ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಕಾಳು ನಿಲ್ಲಿಸಿದ, ಇದ್ದ ಡ್ರಮ್ಮಿನ ನೀರನ್ನೆಲ್ಲ ಬಿಟ್ಟು ಅರ್ಧ ತೊಟ್ಟಿ ಬದಲಾಯಿಸಿದ. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅದಕ್ಕಿಂತ ಹೆಚ್ಚು ಮಾಡಲು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಕೊಳದ ಕೆಲಸ ಮುಗಿಯಲು ಇನ್ನು ಹದಿನೈದು ದಿನ. ಹದಿಮೂರೂ ಇದ್ದವು. ಅವನು ದಿನಕ್ಕೆ ಹತ್ತು ಸಲ ಎಣಿಸುತ್ತಿದ್ದ.

ಮೂರನೆಯ ಸೋಮವಾರ ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋಗಿದ್ದ. ಕೊನೆಯ ವಾರ, ಹರಕೆಯಲ್ಲಿ ಜುಗ್ಗತನ ಮಾಡಬಾರದೆಂದು ಅಂಕಮ್ಮ ಎರಡು ಕೆಜಿ ಬೆಲ್ಲ ತಂದು, ಕುಟ್ಟಿ ಪುಡಿ ಮಾಡಿ ತೊಟ್ಟಿಗೆ ಸುರಿದಳು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಷಡಕ್ಷರಪ್ಪ ಬಂದಾಗ ಕರೆಂಟಿರಲಿಲ್ಲ. ಬಲೆಯ ಕೆಳಗೆ ಹದಿಮೂರು ಬಾಯಿಗಳು ನೀರಿನ ಮೇಲೆ ತೆರೆದುಕೊಂಡಿದ್ದವು. ಹುಳಿ ಹುಳಿ ವಾಸನೆ. ಅವನು ಕೂಗಿದ ಕೂಗಿಗೆ ಅಂಕಮ್ಮ ಕೈಯಲ್ಲಿದ್ದ ಪೊರಕೆ ಬಿಸಾಕಿ ಓಡಿ ಬಂದಳು. ಇಬ್ಬರೂ ಕೊಡ ಹಿಡಿದರು. ಮೊಗೆದು ಸುರಿ, ಮೊಗೆದು ಸುರಿ. ಏಳು ಗಂಟೆಗೆ ಮೊದಲ ಮೀನು ಪಕ್ಕಕ್ಕೆ ವಾಲಿತು. ಎಂಟರ ಹೊತ್ತಿಗೆ ನಾಲ್ಕು ಹೊಟ್ಟೆ ಮೇಲಾಗಿದ್ದವು. ಅವಳ ರವಿಕೆ ಬೆವರಿಗೆ ಅಂಟಿಕೊಂಡಿತ್ತು, ನರೂಲಿಯೊಂದು ಕೊಡದ ಕಂಠಕ್ಕೆ ಉಜ್ಜಿ ಒಡೆದು ರಕ್ತ ಸುರಿಯುತ್ತಿತ್ತು. "ಬುಡ್ಬೇಡಿ ಅಣ್ಣ, ಸುರೀರಿ, ಸುರೀರಿ" ಎಂದು ಅಳುತ್ತಲೇ ಸುರಿದಳು.

ಕೊಡ ಇಳಿಸಿ ಉಸಿರು ತೆಗೆದುಕೊಳ್ಳಲು ಬಾಗಿದಾಗ ಅವನಿಗೆ ಇಟ್ಟಿಗೆಯ ಮೇಲೆ ಇರುವೆಯ ಸಾಲು ಕಂಡಿತು. ಸಾಲಿನ ತುದಿಯಲ್ಲಿ ಬೆಲ್ಲ ಮೆತ್ತಿದ ಬಾಳೆಲೆ, ಅದರ ಮೇಲೆ ಒಂದು ಚಿಟಿಕೆ ಕುಂಕುಮ. ಷಡಕ್ಷರಪ್ಪನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಅಂಕಮ್ಮನಿಗೆ ಇನ್ನೂ ಗೊತ್ತಿರಲಿಲ್ಲ, ಅವಳು ಸುರಿಯುತ್ತಲೇ ಇದ್ದಳು.

ಒಂಬತ್ತಕ್ಕೆ ದೇವೀರಪ್ಪ ಬಂದ. ಆ ಹೊತ್ತಿಗೆ ಒಂಬತ್ತು ಸತ್ತಿದ್ದವು. ಅಂಗೈಯಿಂದ ತಿನ್ನುತ್ತಿದ್ದ ದೊಡ್ಡ ಕೆಂಪು ಮೀನು ಆ ಒಂಬತ್ತರಲ್ಲೊಂದು.

"ಏನಯ್ಯ ಮಾಡ್ದೆ?"

ಮತ್ತೆ ಮನೆ ಜಗಲಿ, ಮತ್ತೆ ಬೀದಿಯವರ ನಗು, ಯಾರೂ ಹೆಸರು ಹಿಡಿದು ಕರೆಯದ ದಿನಗಳು ಷಡಕ್ಷರಪ್ಪನ ಕಣ್ಮುಂದೆ ಬಂದವು. ಬಾಳೆಲೆಯನ್ನು ಎತ್ತಿ ತೋರಿಸಿದ.

"ನಾನಲ್ಲ ಯಜಮಾನ್ರೆ. ಇವ್ಳು. ಇವ್ಳು ಬೆಲ್ಲ ಸುರಿದವ್ಳೆ ನೀರಿಗೆ. ನೀರು ಹುಳಿ ಬಂದು ಹಿಂಗಾಗೈತೆ."

ಅಂಕಮ್ಮನ ಕೈಯಿಂದ ಕೊಡ ಜಾರಿತು. ದೇವೀರಪ್ಪ ಅವಳ ಕಡೆ ತಿರುಗಿದ.

"ಹೌದೇನೇ? ಯಾರೇ ಹೇಳ್ಕೊಟ್ಟೋರು ನಿಂಗೆ?"

ಅವಳು ಷಡಕ್ಷರಪ್ಪನ ಮುಖ ನೋಡಿದಳು. ಅವನು ನೆಲ ನೋಡಿದ. ಅಡುಗೆ ಭಟ್ಟ ಬಾಗಿಲಲ್ಲಿ ನಿಂತಿದ್ದವನು ಒಲೆ ನೋಡಬೇಕೆಂದು ಒಳಗೆ ಹೋದ. ಈರುಳ್ಳಿ ಹೆಚ್ಚುವ ಸದ್ದು ಶುರುವಾಯಿತು.

"ಯಾರೂ ಇಲ್ಲ ಸ್ವಾಮಿ," ಎಂದಳು. "ನಂದೇ ಹರಕೆ. ಮೀನಿಗೆ ಹಿಂಗಾಯ್ತದೆ ಅಂತ ನಂಗೊತ್ತಿರ್ಲಿಲ್ಲ."

ಆಗಲಾದರೂ ಒಂದು ಮಾತು ಬರಬೇಕಿತ್ತು. ಬರಲಿಲ್ಲ. ಥೂ ಎನ್ನುವುದು ಸುಲಭ. ಷಡಕ್ಷರಪ್ಪ ತನಗೆ ತಾನೇ ಅದನ್ನು ಅಂದುಕೊಂಡ, ಅಂದುಕೊಂಡೂ ಬಾಯಿ ಬಿಡಲಿಲ್ಲ.

ದೇವೀರಪ್ಪ ಅವಳನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಸತ್ತ ಮೀನುಗಳನ್ನು ಒಂದೊಂದಾಗಿ ಆ ನರೂಲಿ ಕೈಯಿಂದಲೇ ಎತ್ತಿ, ಮಂಕರಿಯಲ್ಲಿ ಹೊತ್ತು, ತೆಂಗಿನ ಬುಡಕ್ಕೆ ಗುಂಡಿ ತೋಡಿ ಹೂಳು ಎಂದ. ಗಿರಾಕಿಗಳು ಕುರ್ಚಿ ತಿರುಗಿಸಿಕೊಂಡು ಕೂತು ನೋಡಿದರು. ಮಂಕರಿ ಹೊತ್ತು ಅವಳು ಒಂಬತ್ತು ಸಲ ಅಂಗಳ ದಾಟಿದಳು, ಒಂದು ಸಲಕ್ಕೆ ಒಂದೇ ಎಂದು ಯಜಮಾನನ ಅಪ್ಪಣೆ. ಹೂತು ಮುಗಿದ ಮೇಲೆ ಲೆಕ್ಕ ಕೊಟ್ಟು ಕಳಿಸಿಬಿಟ್ಟ. ಷಡಕ್ಷರಪ್ಪನ ಭುಜ ತಟ್ಟಿ, "ನಿನ್ ತಪ್ಪಿಲ್ಲ ಬಿಡಯ್ಯ, ಉಳಿದ ನಾಲ್ಕನ್ನ ನೋಡ್ಕ" ಎಂದ.

ಅಂಕಮ್ಮ ಹೋಗುವ ಮುಂಚೆ ಹಿತ್ತಲಿಗೆ ಬಂದಳು. ಬಯ್ಯಲು ಬಂದಳೆಂದು ಅವನು ಬೆನ್ನು ಬಿಗಿ ಮಾಡಿಕೊಂಡ.

"ನನ್ನಿಂದ ನಿಮ್ಗೆ ಕೆಟ್ಟ ಹೆಸ್ರು ಬರೋದು, ಸದ್ಯ ಬರ್ಲಿಲ್ಲ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ ಕೈದು ಎಲ್ಲಾ ಅವು ನುಂಗವೆ ಕಣಣ್ಣ. ಅದ್ಕೇ ಸತ್ತವು."

ಮೇ ತಿಂಗಳಲ್ಲಿ ಹೊಸ ಕೊಳ ತುಂಬಿತು. ಹೊಸ ಸಿಮೆಂಟಿನ ಖಾರ ಹೋಗಲೆಂದು ಷಡಕ್ಷರಪ್ಪ ಮೂರು ಸಲ ನೀರು ಕಟ್ಟಿ ಖಾಲಿ ಮಾಡಿಸಿದ ಮೇಲೆಯೇ ಮೀನು ಬಿಟ್ಟಿದ್ದು. ಉಳಿದ ನಾಲ್ಕರ ಜೊತೆಗೆ ಬೆಂಗಳೂರಿನಿಂದ ಇಪ್ಪತ್ತು ಮರಿ ಬಂದವು. ಮತ್ತೆ ಫೋಟೋ, ಮತ್ತೆ ಕಾಫಿ. ನಾಲ್ಕರಲ್ಲಿ ಒಂದೂ ಅವನ ಅಂಗೈಗೆ ಬರುತ್ತಿರಲಿಲ್ಲ. ಮೈಮೇಲೆ ಹೊಳಪು ತುಂಬಿಕೊಂಡು ಆರೋಗ್ಯವಾಗಿಯೇ ಇದ್ದವು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಂಕಮ್ಮ ಹಿತ್ತಲ ಬಾಗಿಲಿಗೆ ಬಂದಳು. ಸೊರಗಿದ್ದಳು. ಹೊಲದ ಕೂಲಿಗೆ ಹೋಗುತ್ತಿದ್ದೇನೆ, ದಿನಾ ಸಿಗುವುದಿಲ್ಲ ಎಂದಳು. ಎರಡು ಕೈಯನ್ನೂ ಅವನ ಮುಂದೆ ಚಾಚಿದಳು. ಒಂದೂ ನರೂಲಿ ಇರಲಿಲ್ಲ. ಕೆಲವರಿಗೆ ಅವು ತಮ್ಮಷ್ಟಕ್ಕೆ ತಾವೇ ಉದುರುತ್ತವೆ.

"ನೀವು ಹೇಳಿದ್ದು ಸುಳ್ಳಾಗ್ಲಿಲ್ಲ ಅಣ್ಣ, ನೋಡಿ. ನಿಮ್ ಮಾತು ಯಜಮಾನ್ರು ಕೇಳ್ತಾರೆ. ಕೈ ಚೆನ್ನಾಗಾಗೈತೆ ಅಂತ ಒಂದು ಮಾತು ಹೇಳಿ. ಪಾತ್ರೆ ಕೆಲ್ಸನೇ ಆಗ್ಲಿ."

ಅವಳ ಪರವಾಗಿ ಬಾಯಿ ಬಿಟ್ಟರೆ ಆ ಬೆಲ್ಲದ ಮಾತು ಮತ್ತೆ ಏಳುತ್ತದೆ. ಎದ್ದರೆ, ಹೇಳಿಕೊಟ್ಟವರು ಯಾರೆಂದು ಈ ಸಲ ಅಡುಗೆ ಭಟ್ಟನೇ ಹೇಳಬಹುದು. ಇಷ್ಟನ್ನು ಯೋಚಿಸಲು ಷಡಕ್ಷರಪ್ಪನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಯಜಮಾನ್ರು ಇಲ್ಲ ಕಣವ್ವ. ಹಾಸನಕ್ಕೆ ಹೋಗವ್ರೆ. ಬರೋದು ಎಷ್ಟು ದಿನ ಆಯ್ತದೋ ಏನೋ."

ಅವನ ಮಾತು ಮುಗಿಯುವುದಕ್ಕೂ ಒಳಗಿನಿಂದ ದೇವೀರಪ್ಪನ ದನಿ ಬರುವುದಕ್ಕೂ ಸರಿಹೋಯಿತು.

"ಷಡಕ್ಷರಪ್ಪ, ಮೀನಿಗೆ ಹಾಕ್ದೇನಯ್ಯ?"

ಅಂಕಮ್ಮ ಚಾಚಿದ್ದ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಈಗ ಅವಳಿಗೆ ತಿಳಿಯಿತು. ಇವತ್ತಿನ ಸುಳ್ಳು ಮಾತ್ರವಲ್ಲ, ಅವತ್ತಿನ ಹರಕೆಯ ಸುಳ್ಳೂ ತಿಳಿಯಿತು. ಅದು ಅವಳ ಮುಖದ ಮೇಲೆ ಕಾಣುತ್ತಿತ್ತು.

"ಹಂಗಾದ್ರೆ ಬತ್ತೀನಣ್ಣ," ಎಂದಳು.

ಅವಳು ಗೇಟು ದಾಟುವ ತನಕವೂ ಅವನು ನಿಂತೇ ಇದ್ದ. ಆಮೇಲೆ, "ಹಾಕ್ತಾ ಇವ್ನಿ ಯಜಮಾನ್ರೆ" ಎಂದು ಕೂಗಿ, ಕಾಳಿನ ಡಬ್ಬ ತೆಗೆದುಕೊಂಡು ಕೊಳದ ಕಡೆ ಹೋದ.