ಪಟ್ಟದ ರಾಜನ ಹಿಂದಿನ ಟಿವಿ

2009ರ ಸೆಪ್ಟೆಂಬರ್ 27, ಭಾನುವಾರ, ಮಹಾನವಮಿ. ಮಧ್ಯಾಹ್ನ ಮೂರೂವರೆ. ಬಸವೇಶ್ವರನಗರದ ನಮ್ಮ ಮನೆಯ ಹಾಲ್. ಹಾಜರಿದ್ದವರು ಇಬ್ಬರು: ನಾನು, ನಿಂತು, ನನ್ನ ಯಜಮಾನರು, ಊಟದ ಮೇಜಿನ ಕೆಳಗೆ ಅಂಗಾತ ಮಲಗಿ. ಮೇಜಿನ ಮೇಲೆ ಟಿವಿ. ಟಿವಿಯ ಮುಂದೆ ನಮ್ಮ ತಾಯಿಯ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ.

ಮೂವತ್ತು ವರ್ಷಕ್ಕೂ ಮೇಲೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಪಾಳಿ ಮುಗಿದಾಗ ಹೊತ್ತು, ಹಾಸಿಗೆ, ರೋಗಿಯ ಸ್ಥಿತಿ ಇಷ್ಟನ್ನು ಹೇಳದೆ ವಾರ್ಡು ಬಿಡುವಂತಿರಲಿಲ್ಲ. ನಿವೃತ್ತಿಯಾದರೂ ಏನು ಹೇಳಹೊರಟರೂ ಹಾಗೇ ಶುರುವಾಗುತ್ತದೆ. ಆ ಮಧ್ಯಾಹ್ನದ ಸ್ಥಿತಿ ಇದು: ಟಿವಿಗೆ ಜೀವವಿತ್ತು, ಪ್ರಜ್ಞೆ ಇರಲಿಲ್ಲ. ಪರದೆಯ ತುಂಬ ಸುಯ್ಯೆನ್ನುವ ಬಿಳಿ ಚುಕ್ಕಿಗಳು.

ಗೊಂಬೆಗಳ ವಿಷಯ ಮೊದಲು ಹೇಳಬೇಕು. ಮರದ ಜೋಡಿ, ಮೊಣಕೈಯುದ್ದ, ಅಮ್ಮ ತವರಿನಿಂದ ತಂದದ್ದು. ಪ್ರತಿ ನವರಾತ್ರಿಗೂ ತನ್ನ ಹಳೆಯ ಸೀರೆಗಳ ಅಂಚನ್ನು ಕತ್ತರಿಸಿ ಅವಕ್ಕೆ ಉಡಿಸುತ್ತಿದ್ದಳು. ರಾಣಿ ಈಗಲೂ ಉಟ್ಟಿರುವುದು ಅಮ್ಮನ ಧಾರೆಸೀರೆಯ ಅಂಚು. ಅಮ್ಮನ ಕೊನೆಯ ನವರಾತ್ರಿಯಲ್ಲಿ ನನಗೆ ರಾತ್ರಿ ಪಾಳಿ ಬಿದ್ದಿತ್ತು. ಆ ವರ್ಷದ ಗೊಂಬೆ ನಾನು ನೋಡಲೇ ಇಲ್ಲ. ಅಮ್ಮನ ನಂತರ ಜೋಡಿ ಬಾಪೂಜಿನಗರದ ಅಕ್ಕನ ಮನೆ ಸೇರಿತು. ಈಗ ಅಕ್ಕನಿಗೆ ಮಂಡಿನೋವು. ಗೊಂಬೆ ಕೂರಿಸುವುದು ಆಗದು ಎಂದಳು. ಜೋಡಿಯನ್ನು ಕೇಳಿದವರು ಇಬ್ಬರು, ನಾನು ಮತ್ತು ವಿಜಯನಗರದಲ್ಲಿರುವ ತಮ್ಮನ ಹೆಂಡತಿ.

ಪಾಡ್ಯದ ದಿನ ಅಕ್ಕನೇ ಬಂದು ನಮ್ಮ ಮನೆಯಲ್ಲಿ ಜೋಡಿಯನ್ನು ಕೂರಿಸಿದಳು. ಪೀಠದ ಸುತ್ತ ಅಕ್ಕಿಹಿಟ್ಟಿನಲ್ಲಿ ಒಂದು ಗೆರೆ ಎಳೆದಳು.

"ನೋಡು, ಒಂದ್ಸಲ ಕೂರಿಸಿದ್ಮೇಲೆ ವಿಜಯದಶಮಿ ತನಕ ಅಲ್ಲಾಡಿಸ್ಬಾರ್ದು. ಅಮ್ಮ ಧೂಳು ಹೊಡೀತಿದ್ದಿದ್ದೂ ನವಿಲುಗರೀಲಿ, ಮುಟ್ದೇನೆ. ನವಮಿ ಸಂಜೆ ಬರ್ತೀನಿ. ಗೆರೆ ಹಿಂಗೇ ಇದ್ರೆ ಜೋಡಿ ನಿಂದು. ಇಲ್ಲಾಂದ್ರೆ ವಿಜಯನಗರಕ್ಕೆ. ಆಮೇಲೆ ಅಳ್ಬೇಡ."

"ನಾನ್ಯಾಕೆ ಅಳ್ಲಿ?" ಎಂದೆ. ನಲವತ್ತು ಹಾಸಿಗೆಯ ವಾರ್ಡು ನಡೆಸಿದವಳಿಗೆ ಎರಡು ಗೊಂಬೆ ಒಂದು ಲೆಕ್ಕವೇ ಎಂಬ ಭಾವ ನನ್ನದು.

ಇನ್ನು ಟಿವಿ. ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಾಯಂಡಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಹಳೆಯ ಗೆಳೆಯರೊಬ್ಬರಿಂದ ಅಂಗೈಯಗಲದ ಒಂದು ಹಸಿರು ಹಲಗೆ ತಂದರು. ಅದರ ಮೇಲೆ ಕರಿ ಚಿಪ್ಪುಗಳು, ಅಂಚಿಗೆ ಸಾಕೆಟ್ಟುಗಳು. ಇದೇ ಪೂರ್ತಿ ಕಂಪ್ಯೂಟರ್ ಎಂದರು. ಪೆಟ್ಟಿಗೆಯಿಲ್ಲ, ಮುಚ್ಚಳವಿಲ್ಲ. ಹುಟ್ಟಿದ ಕೂಸನ್ನು ಬಟ್ಟೆ ಸುತ್ತದೆ ತಂದು ಮಲಗಿಸಿದ ಹಾಗಿತ್ತು.

ಅವರ ಯೋಜನೆ ಚೆನ್ನಾಗಿಯೇ ಇತ್ತು. ಗೊಂಬೆಗಳ ಹಿಂದೆ ನಮ್ಮ ಹೊಟ್ಟೆ ಉಬ್ಬಿದ ಹಳೆಯ ಟಿವಿ ನಿಲ್ಲುವುದು. ಅವರೇ ತೆಗೆದ ಮೈಸೂರು ಅರಮನೆಯ ಫೋಟೋಗಳನ್ನು ಹಲಗೆ ಟಿವಿಗೆ ಕಳಿಸುವುದು. ಹಗಲೆಲ್ಲ ಹಗಲಿನ ಅರಮನೆ. ಸಂಜೆ ಏಳಕ್ಕೆ ತಾನಾಗಿಯೇ ದೀಪಗಳೆಲ್ಲ ಹೊತ್ತಿದ ಅರಮನೆ. ಪಾಡ್ಯದ ಬೆಳಿಗ್ಗೆ ಮೇಜಿನ ಮೇಲೆ ಟಿವಿ ಇಟ್ಟೆವು. ಅದರ ಬೆನ್ನಿಗೆ ಹಲಗೆ ಕಟ್ಟಿ ವೈರು ಚುಚ್ಚಿದೆವು. ರಿಮೋಟಿನಲ್ಲಿ ಗುಂಡಿ ಒತ್ತಿ ಟಿವಿಯನ್ನು ಹಲಗೆಯ ಕಡೆ ತಿರುಗಿಸಿದೆವು. ಅರಮನೆ ಬಂತು. ಆಮೇಲೆ ಮೇಜಿನ ಮುಂದೆ ಟ್ರಂಕುಗಳ ಮೆಟ್ಟಿಲು ಕಟ್ಟಿ, ನೆಲದವರೆಗೆ ಇಳಿಯುವಂತೆ ಪಂಚೆ ಹಾಸಿದೆವು. ಕಟ್ಟಕಡೆಗೆ ಅಕ್ಕ ಮೇಜಿನ ಮೇಲೆ ಪೀಠವಿಟ್ಟು ರಾಜ ರಾಣಿಯರನ್ನು ಟಿವಿಯ ಮುಂದೆಯೇ ಕೂರಿಸಿದಳು. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಬೇಕು. ನಾವು ಯಾರೂ ಇಟ್ಟುಕೊಳ್ಳಲಿಲ್ಲ.

ನವಮಿಯವರೆಗೆ ಟಿವಿಯನ್ನು ಆರಿಸಲೇ ಇಲ್ಲ. ರಾತ್ರಿ ಪರದೆಗೆ ಒಂದು ವಸ್ತ್ರ ಹೊದಿಸುತ್ತಿದ್ದೆ, ಅಷ್ಟೆ. ಆದರೆ ನವಮಿ ಆಯುಧಪೂಜೆ. ಆ ದಿನ ಯಂತ್ರಗಳಿಗೆ ವಿಶ್ರಾಂತಿ. ಬೆಳಿಗ್ಗೆ ನಾನೇ ಟಿವಿಯನ್ನೂ ಹಲಗೆಯನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದೆ. ಟಿವಿಗೆ ಅರಿಶಿನ ಕುಂಕುಮ, ರಿಮೋಟಿಗೆ ಕುಂಕುಮ. ಹಲಗೆ ಕೈಗೆ ಸಿಗಲಿಲ್ಲ. ಅದರ ಪರವಾಗಿ ಸ್ವಿಚ್ಚಿಗೆ ಇಟ್ಟೆ. ಮನೆಯ ಹತ್ಯಾರುಗಳೆಲ್ಲ ದೇವರ ಮುಂದೆ ಬಾಳೆ ಎಲೆಯ ಮೇಲೆ ಮಲಗಿದವು. ಮಾರನೆಯ ದಿನ ಪೂಜೆಯಾಗುವವರೆಗೆ ಅವನ್ನು ಮುಟ್ಟುವಂತಿಲ್ಲ.

ಅಕ್ಕ ಬರುವಾಗ ಅರಮನೆ ಇರಲೇಬೇಕೆಂದು ಊಟದ ಮೇಲೆ ಟಿವಿಗೆ ಮಾತ್ರ ವಿನಾಯಿತಿ ಕೊಟ್ಟು ಹಾಕಿದರೆ ಬರೀ ಚುಕ್ಕಿ.

ಯಜಮಾನರು ರಿಮೋಟ್ ಒತ್ತಿದರು. ಬಗ್ಗಲಿಲ್ಲ. ನಾನು ಇಟ್ಟ ಕುಂಕುಮ ಒರೆಸಿ ಒತ್ತಿದರು. ಇಲ್ಲ. ಹಬ್ಬವೆಂದು ಅಂಗಡಿಗಳು ಮುಚ್ಚಿದ್ದವು, ಆದ್ದರಿಂದ ನನ್ನ ಗೋಡೆ ಗಡಿಯಾರದ ಬ್ಯಾಟರಿ ಕಿತ್ತು ರಿಮೋಟಿಗೆ ಹಾಕಿದರು. ಗಡಿಯಾರ ನಿಂತಿತು. ರಿಮೋಟಿನಿಂದ ಏನೂ ಆಗಲಿಲ್ಲ. ಟಿವಿಯ ಸ್ವಂತ ಗುಂಡಿಗಳು ಪೀಠದ ಹಿಂದೆ ಮುಚ್ಚಿಹೋಗಿದ್ದವು. ಅಲ್ಲಿಗೆ ಬೆರಳು ತೂರಿಸಿದರೆ ಗೆರೆ ಅಳಿಸುತ್ತದೆ.

"ರಿಮೋಟ್ ಸರಿ ಇದೆ, ಬ್ಯಾಟರಿ ಸರಿ ಇದೆ. ತೊಂದ್ರೆ ಹಲಗೇದೇ ಕಣೇ," ಎಂದು ತೀರ್ಮಾನಿಸಿ ಗೋಡೆಯ ಪಕ್ಕದ ಸಂದಿಯಿಂದ ಮೇಜಿನ ಕೆಳಗೆ ತೆವಳಿದರು. ಅಲ್ಲಿ ಮಲಗಿ ಕೈ ಮೇಲೆತ್ತಿದರೆ ಟಿವಿಯ ಬೆನ್ನು ಸಿಗುತ್ತಿತ್ತು. ಹೊರಗೆ ಸಿಗುತ್ತಿದ್ದದ್ದು ಪಂಚೆಯ ಹಿಂದಿನಿಂದ ಬರುವ ದನಿ ಮಾತ್ರ.

"ಸ್ಕ್ರೂಡ್ರೈವರ್ ಕೊಡು."

"ಪೂಜೇಲಿದೆ."

"ಇಕ್ಕಳ?"

"ಪೂಜೇಲಿದೆ."

"ಟಾರ್ಚು?"

"ಅದೂ."

"ಟಾರ್ಚು ಯಾವಾಗಿಂದ ಆಯುಧ ಆಯ್ತೇ?"

"ನೀವೇ ತಂದಿಟ್ರಿ, ನಾನು ಕುಂಕುಮ ಇಟ್ಟೆ. ಬೆಳಿಗ್ಗೆ ಕೈ ಮುಗಿದ್ರಲ್ಲ ಅದಕ್ಕೆ?"

ಮೊಬೈಲಿನ ಬೆಳಕು ಹಿಡಿದುಕೊಂಡರು. ನಾನು ತುರುಬಿನಿಂದ ಒಂದು ಹೇರ್‌ಪಿನ್ನು ತೆಗೆದು ಸ್ಟೀಲ್ ಟ್ರೇಯಲ್ಲಿಟ್ಟು ಸಂದಿಗೆ ದೂಡಿದೆ. ಹಲಗೆಯಿಂದ ಬರುವ ವೈರಿಗೆ ದುಂಡು ಪ್ಲಗ್ಗು, ಒಳಗೆ ನಾಲ್ಕು ಸಣ್ಣ ಕಡ್ಡಿ. ಒಂದು ಕಡ್ಡಿ ಬಾಗಿದ್ದರೂ ಚಿತ್ರ ಬರುವುದಿಲ್ಲವಂತೆ. ಹೇರ್‌ಪಿನ್ನಿನಲ್ಲಿ ಕಡ್ಡಿ ನೆಟ್ಟಗೆ ಮಾಡಿದರು. ಕಿತ್ತು ಚುಚ್ಚಿದರು. ಪ್ರತಿ ಸಲವೂ "ಒತ್ತು" ಎನ್ನುವುದು, ನಾನು ರಿಮೋಟ್ ಒತ್ತುವುದು, "ಬಂತಾ?" ಎನ್ನುವುದು, "ಇಲ್ಲ" ಎನ್ನುವುದು.

ಐದಕ್ಕೆ ಸ್ವಲ್ಪ ಮುಂಚೆ ಬಾಗಿಲಲ್ಲಿ ಆಟೋ ನಿಂತಿತು. ಎರಡು ಬದಿಗೂ ಬಾಳೆಕಂದು ಕಟ್ಟಿಕೊಂಡು ಚಪ್ಪರ ಬಂದ ಹಾಗೆ ಬಂದಿತ್ತು. ಇಳಿದವಳು ಅಕ್ಕ, ಜೊತೆಗೆ ತಮ್ಮನ ಹೆಂಡತಿ. ನಾನು ಪಂಚೆಯ ಹತ್ತಿರ ಬಗ್ಗಿ, "ರೀ, ಅಕ್ಕ ಬಂದ್ಲು. ಅಲ್ಲಾಡ್ಬೇಡಿ. ಉಸಿರಾಡಿ, ಸಾಕು," ಎಂದೆ.

"ನಾಲ್ಕೂವರೆಗೆ ರಾಹುಕಾಲ ಬರುತ್ತೆ ಅಂತ ಅದಕ್ಕಿಂತ ಮುಂಚೇನೇ ಹೊರಟ್ವಿ," ಎಂದಳು ಅಕ್ಕ ಮಂಡಿ ಒತ್ತಿಕೊಂಡು. "ರಸ್ತೆ ತುಂಬಾ ಬೂದುಗುಂಬಳಕಾಯಿ ಒಡೆದು ಹಾಕವ್ರೆ, ಆಟೋ ಜಾರ್ತಾನೇ ಬಂತು. ಎಲ್ಲಿ ನಿಮ್ಮೆಜಮಾನ್ರು?"

"ಒಳಗಿದಾರೆ," ಎಂದೆ. ಸುಳ್ಳಲ್ಲ.

ಅಕ್ಕ ನೇರವಾಗಿ ಮೆಟ್ಟಿಲಿನ ಪಕ್ಕಕ್ಕೆ ಹೋಗಿ ಕನ್ನಡಕ ಏರಿಸಿ ಪೀಠವನ್ನು ನೋಡಿದಳು. ಗೆರೆ ಒಂದಿಷ್ಟೂ ಮುರಿದಿರಲಿಲ್ಲ. ತಮ್ಮನ ಹೆಂಡತಿಯ ಮುಖ ಸಣ್ಣದಾಯಿತು. ಅವಳು ಟಿವಿಯ ಕಡೆ ತಿರುಗಿದಳು.

"ಇದೇನತ್ತಿಗೆ, ಅರಮನೆ ತೋರಿಸ್ತೀವಿ ಅಂದಿದ್ರಿ. ಮಂಡಕ್ಕಿ ಹುರೀತಾ ಇದೆ?"

"ನೀನೇ ಒತ್ತಿ ನೋಡು," ಎಂದು ರಿಮೋಟನ್ನು ಅವಳ ಕೈಗೆ ತುರುಕಿದೆ. ಕೈಗೆ ಕೆಲಸ ಕೊಟ್ಟರೆ ಬಾಯಿ ಸುಮ್ಮನಿರುತ್ತದೆಂಬುದು ವಾರ್ಡಿನ ಅನುಭವ. ಅವಳು ಸೇಡು ತೀರಿಸಿಕೊಳ್ಳುವವಳಂತೆ ಒತ್ತತೊಡಗಿದಳು.

ಗುಂಡಿಯ ಟಕಟಕ ಮೇಜಿನ ಕೆಳಗೆ ಕೇಳಿಸಿರಬೇಕು. ಒಂದೂವರೆ ಗಂಟೆಯ ಅಭ್ಯಾಸದಿಂದ ರಾಜನ ಪಾದದಡಿಯಿಂದ ದನಿ ಬಂತು. "ಬಂತಾ?"

ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಾರೇ ಅದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಮೇಜಿನ ಕೆಳಗಿನಿಂದ ಭಾರಿ ಸೀನೊಂದು ಸಿಡಿಯಿತು. ಬೆಳಗಿನ ಧೂಪ, ಟ್ರಂಕುಗಳ ಧೂಳು, ಮುಂದಿದ್ದ ಪಂಚೆ ಎಲ್ಲ ಸೇರಿ ಮೂಗನ್ನು ಸೋಲಿಸಿದ್ದವು. ಹಿಂದೆಯೇ ತಲೆ ಮೇಜಿಗೆ ಬಡಿದ ಸದ್ದು. ಮೇಜು ಕುಲುಕಿತು. ರಾಣಿ ತಡೆದುಕೊಂಡಳು. ರಾಜ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗಿ ಬೀಳಲು ಹೊರಟ.

ಅಕ್ಕ ಮಂಡಿನೋವನ್ನು ಮರೆತು ಕೈ ಚಾಚಿ ಅವನ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡಳು.

ಅದೇ ಕ್ಷಣ ತಮ್ಮನ ಹೆಂಡತಿ ಗುಂಡಿ ಒತ್ತಿದಳು. ಚುಕ್ಕಿಗಳು ಮಾಯವಾದವು. ಪರದೆಯ ಮೇಲೆ ಮೈಸೂರು ಅರಮನೆ ನಿಂತಿತು. ನಿಂತಿತು ಎನ್ನುವುದು ತಪ್ಪು. ಕಪ್ಪು ಬಿಳುಪಾಗಿ ಬಂದ ಅರಮನೆ ಲಿಫ್ಟಿನಂತೆ ಮೇಲೆ ಮೇಲೆ ಹೋಗುತ್ತಿತ್ತು. ಮೇಲೆ ಹೋದದ್ದು ಮತ್ತೆ ಕೆಳಗಿನಿಂದ ಹುಟ್ಟಿ ಬರುತ್ತಿತ್ತು.

"ಬಂತು ರೀ! ಆದ್ರೆ ಅರಮನೆ ಹಾರ್ತಾ ಇದೆ!"

"ಅದು ಅಮೆರಿಕದ ಟಿವಿ ಪದ್ಧತಿ ಕಣೇ! ಹಲಗೆ ಆರಿ ಹೊತ್ತಿದ್ರೆ ಅಮೆರಿಕದ್ದನ್ನೇ ಕಳ್ಸೋದು. ಟಿವೀಗೆ ನಮ್ಮ ದೇಶದ್ದೇ ಗೊತ್ತಿರೋದು. ರಿಮೋಟಲ್ಲಿ ಕೆಳಗಡೆ ಸಿಸ್ಟಮ್ ಅಂತ ಗುಂಡಿ ಇದೆ, ಒತ್ತು!"

"ನಂಗೆ ಒತ್ತೋಕೆ ಬರುತ್ತೆ ಭಾವ, ಅಲ್ಲೇ ಮಲಗಿರಿ," ಎನ್ನುತ್ತ ತಮ್ಮನ ಹೆಂಡತಿ ಮೂರು ಸಲ ಒತ್ತಿದಳು. ಅರಮನೆ ನೆಲಕ್ಕಿಳಿಯಿತು. ಗೋಪುರಕ್ಕೆ ಕೆಂಪು ಬಂತು, ಹುಲ್ಲಿಗೆ ಹಸಿರು ಬಂತು.

ಆಗ ನಮಗೆಲ್ಲ ಒಟ್ಟಿಗೆ ಹೊಳೆಯಿತು. ಟಿವಿಯ ಮುಂಭಾಗದಲ್ಲಿ ರಿಮೋಟಿನ ಸೂಚನೆ ಹಿಡಿಯುವ ಒಂದು ಕಪ್ಪು ಗಾಜಿನ ಚುಕ್ಕಿ ಇದೆ. ಅಕ್ಕ ಪಾಡ್ಯದ ದಿನ ಪಟ್ಟದ ರಾಜನನ್ನು ತಂದು ನಿಲ್ಲಿಸಿದ್ದು ಸರಿಯಾಗಿ ಅದರ ಮುಂದೆ. ಹಲಗೆಗೆ ಏನೂ ಆಗಿರಲಿಲ್ಲ. ಆರಿಸಿ ಹಾಕಿದ ಟಿವಿ ಹಲಗೆಯನ್ನು ಮರೆತಿತ್ತು, ಅದನ್ನು ಮತ್ತೆ ಆ ಕಡೆ ತಿರುಗಿಸುವ ಸೂಚನೆ ಒಳಗೆ ತಲುಪಿರಲಿಲ್ಲ, ಅಷ್ಟೆ. ರಾಜ ಯಾರ ಅಹವಾಲನ್ನೂ ಒಳಗೆ ಬಿಡುತ್ತಿರಲಿಲ್ಲ.

ಹೊಳೆದದ್ದು ಇನ್ನೊಂದು. ಅಕ್ಕಿಹಿಟ್ಟಿನ ಗೆರೆ ಚೆದುರಿತ್ತು. ರಾಜ ಕೂತಲ್ಲಿಂದ ಎದ್ದಿದ್ದ. ಎಬ್ಬಿಸಿದವಳು ಅಕ್ಕ.

ಅಕ್ಕ ರಾಜನನ್ನು ಪೀಠದ ಕಡೆ ಒಯ್ದಳು.

"ದೊಡ್ಡತ್ತಿಗೆ," ಎಂದಳು ತಮ್ಮನ ಹೆಂಡತಿ ಮೆಲ್ಲಗೆ, "ರಾಹುಕಾಲ."

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಭಾನುವಾರ ರಾಹುಕಾಲ ಆರಕ್ಕೆ ಮುಗಿಯುವುದು. ಪಟ್ಟದ ಗೊಂಬೆಯನ್ನು ರಾಹುಕಾಲದಲ್ಲಿ ಕೂರಿಸುವ ಪ್ರಶ್ನೆಯೇ ಇಲ್ಲ. ನೆಲದ ಮೇಲೆ ಇಡುವಂತಿಲ್ಲ, ಮಲಗಿಸುವುದು ವಿಜಯದಶಮಿಯ ರಾತ್ರಿ ಮಾತ್ರ. ಅಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ರಾಜನನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡಳು. ಸೆರಗಿನ ತುದಿಯನ್ನು ಅವನ ಹೆಗಲಿಗೂ ಹೊದಿಸಿದಳು.

ಯಜಮಾನರನ್ನು ಹೊರಗೆ ಕರೆಯುವಂತಿರಲಿಲ್ಲ. ಮೇಜು ಇನ್ನೊಮ್ಮೆ ಕುಲುಕಿದರೆ ರಾಣಿಗೂ ಗಂಡಾಂತರ. "ಆರರ ತನಕ ಅಲ್ಲೇ ಇರಿ," ಎಂದು ಅಪ್ಪಣೆ ಮಾಡಿ, ಕಡಲೆಕಾಳಿನ ಉಸಲಿಯನ್ನು ಟ್ರೇಯಲ್ಲಿಟ್ಟು ಸಂದಿಗೆ ದೂಡಿದೆ. "ಉಪ್ಪು ಕಮ್ಮಿ," ಎಂದಿತು ಪಂಚೆ.

ಅಷ್ಟರಲ್ಲಿ ಗೊಂಬೆ ನೋಡಲು ಎದುರುಮನೆಯಾಕೆ ಬಂದರು. ಮೆಟ್ಟಿಲ ಮೇಲೆ ರಾಣಿ ಒಬ್ಬಳೇ. ರಾಜ ಅಕ್ಕನ ಮಡಿಲಲ್ಲಿ.

"ಆಂಟಿ, ರಾಜ್ರು ಯಾಕೆ ಕೆಳಗ್ ಬಂದ್ಬಿಟ್ರು?"

"ಟಿವಿ ನೋಡೋಕ್ಕಮ್ಮ," ಎಂದಳು ಅಕ್ಕ ಗಂಭೀರವಾಗಿ. "ಪಾಡ್ಯದಿಂದ ಅರಮನೆಗೆ ಬೆನ್ನು ಹಾಕ್ಕೊಂಡು ನಿಂತಿದ್ದ, ಪಾಪ. ಅವನ ಮನೆ ಅವನೂ ನೋಡ್ಬೇಡ್ವಾ?"

ಆಕೆ ಅಕ್ಕನಿಗೆ ಕುಂಕುಮ ಇಟ್ಟು, ಒಂದು ಕ್ಷಣ ಯೋಚಿಸಿ, ರಾಜನಿಗೂ ಇಟ್ಟರು. ಪಂಚೆಯ ಹಿಂದೆ ಉಸಲಿ ಅಗಿಯುವ ಸದ್ದು ಕೇಳಿಸಿದರೂ ಕೇಳದಂತೆ ಹೊರಟುಹೋದರು.

ಅಕ್ಕ ಬಹಳ ಹೊತ್ತು ಟಿವಿ ನೋಡಿದಳು. ರಾಜನ ಪೇಟವನ್ನು ಸರಿಮಾಡಿದಳು. ನಾನು ತಡೆಯಲಾರದೆ ಕೇಳಿದೆ.

"ಹಾಗಾದ್ರೆ ಜೋಡಿ?"

"ಗೆರೆ ಅಳಿಸಿದ್ದು ಯಾರು?" ಎಂದಳು ಅಕ್ಕ.

"ನೀನು."

"ಯಾರಿಂದ?"

"ನಾನು ಸೀನಿದ್ದು, ಅಕ್ಕಾವ್ರೆ," ಎಂದಿತು ಪಂಚೆ.

"ನೀವು ಸುಮ್ನಿರಿ. ಕೂರಿಸ್ದೋಳು ನಾನು, ಟಿವಿ ಕಣ್ಣಿಗೆ ಅಡ್ಡ ನಿಲ್ಸಿದ್ದೂ ನಾನು, ಎಬ್ಬಿಸಿದ್ದೂ ನಾನು. ಇವಳು ಮುಟ್ಟಿಲ್ಲ." ತಮ್ಮನ ಹೆಂಡತಿಯ ಕಡೆ ತಿರುಗಿದಳು. "ನೀನಾಗಿದ್ರೆ ಇಷ್ಟೊತ್ತಿಗೆ ರಾಜನ್ನ ಪಕ್ಕಕ್ಕೆ ಸರಿಸಿ ಟಿವಿ ಸರಿಮಾಡ್ಕೊಂಡಿರ್ತಿದ್ದೆ. ಅಲ್ವಾ?"

"ಹೂಂ," ಎಂದಳು ಅವಳು ನಗುತ್ತ. "ಯಾರಾದ್ರೂ ಸರಿಸ್ತಾರೆ. ಅತ್ತಿಗೆ ಒಬ್ರೇ ಗಂಡನ್ನ ಮೇಜಿನ ಕೆಳಗೆ ಹಾಕೋದು."

"ಅದಕ್ಕೇ ಇಲ್ಲಿರ್ಲಿ ಜೋಡಿ," ಎಂದಳು ಅಕ್ಕ.

ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದು ಬಂದೆ.

ನನ್ನ ಕೈಗಡಿಯಾರದಲ್ಲಿ ಆರು ದಾಟಿದ ಮೇಲೆ ಅಕ್ಕ ರಾಜನನ್ನು ಮತ್ತೆ ಕೂರಿಸಿದಳು, ಮೊದಲಿನ ಜಾಗಕ್ಕಿಂತ ನಾಲ್ಕು ಬೆರಳು ರಾಣಿಯ ಕಡೆಗೆ. ಹೊಸ ಗೆರೆಯನ್ನು ನನ್ನ ಕೈಯಿಂದ ಎಳೆಸಿದಳು. ಅವಳೂ ತಮ್ಮನ ಹೆಂಡತಿಯೂ ಒಂದೊಂದು ಗೊಂಬೆಯನ್ನು ಕೂತಲ್ಲೇ ಅಲ್ಲಾಡದಂತೆ ಹಿಡಿದು ನಿಂತರು, ನಾನು ಯಜಮಾನರ ಎರಡೂ ಕಾಲು ಹಿಡಿದು ಎಳೆದೆ. ಹೊರಬಂದವರ ನೆತ್ತಿಯಲ್ಲಿ ಒಂದು ಬುಗುಟು, ಮೀಸೆಯಲ್ಲಿ ಉಸಲಿಯ ಸಾಸಿವೆ. ಬುಗುಟಿಗೆ ತಣ್ಣೀರು ಬಟ್ಟೆ ಇಟ್ಟೆ. ಏಳಕ್ಕೆ ಅರಮನೆಯ ದೀಪಗಳು ತಾವಾಗಿ ಹೊತ್ತಿಕೊಂಡವು. ಅದೇ ಹೊತ್ತಿಗೆ ಆರತಿ ಎತ್ತಿದೆವು. ಅಕ್ಕನೂ ತಮ್ಮನ ಹೆಂಡತಿಯೂ ಊಟ ಮಾಡಿ ಹೊರಟರು.

ಪರದೆಗೆ ವಸ್ತ್ರ ಹೊದಿಸಿದೆ. ರಿಮೋಟಿನಿಂದ ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ, ಕೈಗಡಿಯಾರ ನೋಡಿ ಮುಳ್ಳು ಸರಿಪಡಿಸಿ, ಮೊಳೆಗೆ ತೂಗುಹಾಕಿದೆ.