ಕೆಂಪು ಕುತ್ತಿಗೆ

ನಾನು ವಿಜ್ಞಾನದ ಟೀಚರ್. ಅವತ್ತು ಬೆಳಿಗ್ಗೆ ಹೊಂಬಳದ ಶಾಲೆಯ ತರಗತಿಯಲ್ಲಿ ದೂರದ ಒಂದು ದ್ವೀಪದ ಓತಿಕ್ಯಾತದ ಚಿತ್ರ ತೋರಿಸಿದ್ದೆ. ಆ ದ್ವೀಪ ಬಿಟ್ಟರೆ ಅದು ಮತ್ತೆಲ್ಲೂ ಇಲ್ಲ. ಮಳೆ ಬೀಳುವ ಕಡೆ ಹಚ್ಚ ಹಸಿರು, ಒಣನೆಲದ ಕಡೆ ಬೂದಿ ಬಣ್ಣ. ಜಾತಿ ಮಾತ್ರ ಒಂದೇ. ನಮ್ಮ ಬೇಲಿಯದು ದೂರದಿಂದಲೇ ಮಕ್ಕಳ ರಕ್ತ ಹೀರುತ್ತದೆ ಅನ್ನೋದು ಶುದ್ಧ ಸುಳ್ಳು, ಹೆಣ್ಣನ್ನು ಕರೆಯಲು ಗಂಡು ಕುತ್ತಿಗೆ ಕೆಂಪು ಮಾಡಿಕೊಳ್ಳುತ್ತದೆ ಅಷ್ಟೇ ಎಂದು ದೊಡ್ಡ ಗಂಟಲಲ್ಲಿ ಹೇಳಿ ಬಸ್ ಹತ್ತಿದೆ.

ಬೆಟಗೇರಿಯ ಮನೆಯಲ್ಲಿ ಎರಡು ವರ್ಷದ ಮಗಳು ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿದ್ದಳು. ಮೈಯಲ್ಲಿ ರಕ್ತ ಕಡಿಮೆ ಎಂದು ಡಾಕ್ಟರು ಟಾನಿಕ್ ಬರೆದಿದ್ದರು. ಅತ್ತೆಯ ಮಾತೇ ಬೇರೆ: "ಬೇಲ್ಯಾಗಿನ ಓತಿಕ್ಯಾತ ಕುಡ್ಯಾಕತ್ತೈತಿ. ಕೂಸಿನ ಹೊಕ್ಕಳಾ ಮುಚ್ಚವಾ." ನಾನು ನಗುತ್ತಿದ್ದೆ, ಒಳಗೊಳಗೆ ಹೆದರಿ ಸಾಯುತ್ತಿದ್ದೆ.

ಅಂದು ಸಂಜೆ ಅಂಗಳದಲ್ಲಿ ಮಗಳ ಮೂಗಿನಿಂದ ರಕ್ತ ಇಳಿಯಿತು. ಬಟ್ಟೆ ಒತ್ತಿ ನಿಲ್ಲಿಸಿ ತಲೆ ಎತ್ತಿದರೆ ಬೇಲಿಗೂಟದ ಮೇಲೆ ಅದು, ಕುತ್ತಿಗೆ ಕೆಂಪಗೆ, ಹೌದು ಹೌದು ಎಂದು ತಲೆ ಆಡಿಸುತ್ತಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಬಟ್ಟೆ ಒಗೆಯುವ ಬಡಿಗೆ ತಗೊಂಡು ಬಾರಿಸಿದೆ. ಕೆಳಗೆ ಬಿದ್ದು ಓಡಲು ನೋಡಿತು. ಬೆನ್ನು ಮುರಿದೆ. ಬಾಯಿ ತೆರೆದು ನನ್ನನ್ನೇ ನೋಡಿತು. ಹಾಗೆ ನೋಡಿದ್ದಕ್ಕೂ ನನಗೆ ಸಿಟ್ಟು ಬಂದು ಹೊಟ್ಟೆ ಒಡೆಯುವವರೆಗೆ ಹೊಡೆದೆ. ಖರೇ ಹೇಳುತ್ತೇನೆ, ಹಿತವಾಗಿತ್ತು.

ಆಮೇಲೆ ಕಡ್ಡಿಯಿಂದ ಕೆದಕಿದೆ. ಒಳಗೆ ಇರುವೆಗಳು, ಒಂದು ಮಿಡತೆಯ ಕಾಲು. ಕುತ್ತಿಗೆಯ ಕೆಂಪು ನನ್ನ ಕಣ್ಣೆದುರೇ ಬೂದಿಯಾಯಿತು.

"ಛಲೋ ಮಾಡಿದಿ ನೋಡವಾ," ಅಂದರು ಅತ್ತೆ.

ಟಾನಿಕ್ಕಿನಿಂದ ಮಗಳು ಚೇತರಿಸಿಕೊಂಡಳು. ಹೆಸರು ಬಂದದ್ದು ನನ್ನ ಬಡಿಗೆಗೆ. "ಟೀಚರ್ರ ಹೊಡದಾರಂದ್ರ ಖರೇನ ಇರಬೇಕು," ಎಂದರು ಓಣಿಯ ಹೆಂಗಸರು. ನಾನು ಬಾಯಿ ಬಿಡಲಿಲ್ಲ. ಓಣಿಯ ಬೇಲಿಗಳಲ್ಲಿ ಕಂಡ ಕಂಡ ಓತಿಕ್ಯಾತಗಳೆಲ್ಲ ಸತ್ತವು.

ಈಗ ಮಗಳಿಗೆ ಏಳು ವರ್ಷ. ಮೊನ್ನೆ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ಅದೇ ಬಡಿಗೆ ಹಿಡಿದು ನಿಂತಿದ್ದಳು. ಕಾಲ ಬಳಿ ಒಂದು ಹೆಣ್ಣು ಓತಿಕ್ಯಾತ. ಅದರ ಕುತ್ತಿಗೆ ಕೆಂಪೇ ಇರಲಿಲ್ಲ. ಒಡೆದ ಹೊಟ್ಟೆಯಿಂದ ಬಿಳಿ ತತ್ತಿಗಳು ಮಣ್ಣಿಗೆ ಬಿದ್ದಿದ್ದವು.

"ನಿನ್ನಂಗ ಹೊಡದೆ, ಅವ್ವಾ," ಅಂದಳು.

ಅವಳ ಕಪಾಳಕ್ಕೆ ಬಾರಿಸಿದೆ. ಅಳಲಿಲ್ಲ. ಕೆಂಪಾದ ಕೆನ್ನೆ ಹಿಡಿದುಕೊಂಡು ಕೇಳಿದಳು:

"ನೀ ಹೊಡದಾಗ ಅಜ್ಜಿ ಛಲೋ ಮಾಡಿದಿ ಅಂದಿದ್ಲಂತ. ನಾ ಹೊಡದ್ರ ಯಾಕ ಬಡೀತಿ?"